ಅತ್ತೆ ಮೌನ ಹಿಡಿದ ದಿನ

ದೆವ್ವ, ಗಾಳಿ, ಕನಸಿನಲ್ಲಿ ಹಿರಿಯರು ಬಂದು ಹೇಳಿಹೋದರು ಎನ್ನುವ ಮಾತು, ಇವು ಯಾವುದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ನಡುವೆ ಬಾಯಿ ಹಾಕಿ, 'ಆ ಹೊತ್ತಿಗೆ ನಿಮ್ಮ ಊಟ ಆಗಿತ್ತೇನ್ರಿ?' ಎಂದು ಕೇಳಿ ಬೈಸಿಕೊಂಡವಳು ನಾನು. ಹಸಿದ ಹೊಟ್ಟೆಗೆ ಏನೇನೋ ಕಾಣುತ್ತದೆ, ಏನೇನೋ ಕೇಳಿಸುತ್ತದೆ ಎನ್ನುವುದು ನನ್ನ ಸಿದ್ಧಾಂತ. ಈಗಲೂ ಅದೇ. ಆದರೆ ಆ ಸಿದ್ಧಾಂತಕ್ಕೆ ಏನು ಮಾಡಿದರೂ ಹೊಂದದ ಒಂದು ಸಂಗತಿ ನನಗೇ ಆಗಿಹೋಗಿದೆ. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಕೆ ಚೂರಿನ ಹಾಗೆ ಅದು ಇಷ್ಟು ವರ್ಷ ನನ್ನನ್ನು ಕಾಡಿದೆ. ತೆಗೆಯಲು ಹೋದಷ್ಟೂ ಒಳಗೆ ಹೋಗುತ್ತದೆ. ಬೇಸತ್ತು ಇವತ್ತು ಬರೆಯಲು ಕುಳಿತಿದ್ದೇನೆ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಿದ್ದಾಳೆ. ನಾನು ಎರಡಕ್ಷರ ಒತ್ತುವಷ್ಟರಲ್ಲಿ ಅದು ತಾನೇ ಉಳಿದ ಪದವನ್ನು ಹೇಳಿಬಿಡುತ್ತದೆ. ನಮ್ಮ ಅತ್ತೆ ಹೋದ ಮೇಲೆ, ನನ್ನ ಮಾತನ್ನು ನನಗಿಂತ ಮೊದಲು ಮುಗಿಸುವ ಧೈರ್ಯ ಮಾಡಿದ್ದು ಈ ಫೋನೊಂದೇ.

ಈ ಕಥೆ ಆ ಅತ್ತೆಯದೇ.

ನನ್ನ ತವರು ಮುಂಡಗೋಡ. ಮದುವೆಯಾಗಿ ಹೋದದ್ದು ಹಳಿಯಾಳದ ಹತ್ತಿರದ ಹಳ್ಳಿಗೆ. ನಾನು ಹೇಳುತ್ತಿರುವುದು ಟಿಬೆಟ್ಟಿನವರು ಮುಂಡಗೋಡಕ್ಕೆ ಬಂದು, ಕೊಟ್ಟ ಜಮೀನಿನಲ್ಲಿ ಗೋವಿನಜೋಳ ಬಿತ್ತಲು ಆಗಷ್ಟೇ ಕಲಿಯುತ್ತಿದ್ದ ವರ್ಷಗಳ ಮಾತು. ನನ್ನ ಗಂಡ ದಾಂಡೇಲಿಯಲ್ಲಿ ಕಾರ್ಖಾನೆಯ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಊರ ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ ನೀಲವ್ವ (ನನಗೆ ನೀಲಕ್ಕ) ಮತ್ತು ನಾನು. ಅತ್ತೆಯ ದನಿ ಎಂಥದ್ದೆಂದರೆ, ಹಿತ್ತಲಲ್ಲಿ ನಿಂತು ಒದರಿದರೆ ಗದ್ದೆಯ ಆಚೆ ಬದಿಯಲ್ಲಿ ಮೇಯುವ ಎತ್ತು ತಲೆ ಎತ್ತಿ ನೋಡುತ್ತಿತ್ತು. ನಾನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದ ಸೊಸೆ ಎಂದು ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. 'ಏ ಶಾಣ್ಯಾಕಿ' ಎಂದೇ ಕರೆಯುವುದು. ಬುದ್ಧಿವಂತೆ ಎಂದು ಹೊಗಳಿದ ಹಾಗೆ ಕೇಳಿಸಬೇಕು, ಚಾಟಿಯ ಹಾಗೆ ಬೀಳಬೇಕು. ಬೆಳಗಿನಿಂದ ರಾತ್ರಿಯವರೆಗೆ ಏ ಶಾಣ್ಯಾಕಿ, ಏ ಶಾಣ್ಯಾಕಿ.

ಆ ಮನೆಯಲ್ಲಿ ನಾನು ಉಳಿದದ್ದು ನೀಲಕ್ಕನಿಂದ. ಹೊಸದರಲ್ಲಿ ನನ್ನ ರೊಟ್ಟಿಗಳೆಲ್ಲ ಹರಿಯುತ್ತಿದ್ದವು. ಅತ್ತೆ ನೋಡುವ ಮೊದಲೇ ನೀಲಕ್ಕ ಹರಿದದ್ದನ್ನು ತನ್ನ ತಾಟಿಗೆ ಹಾಕಿಕೊಂಡು, ತಾನು ಬಡಿದ ದುಂಡನೆಯ ರೊಟ್ಟಿಯನ್ನು ನನ್ನ ಬುಟ್ಟಿಯಲ್ಲಿ ಇಡುತ್ತಿದ್ದಳು. ಹಾಗೆ ಎಷ್ಟು ದಿನ ಹರಕು ರೊಟ್ಟಿ ತಿಂದಳೋ. ಒಂದು ಸಲವೂ ಆಡಿ ತೋರಿಸಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಬೆಳಿಗ್ಗೆ ಸ್ನಾನ ಮಾಡಿ, ಹೊಟ್ಟೆಗೆ ಏನೂ ಹಾಕದೆ, ಕೊರಳಲ್ಲಿದ್ದ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತು ಪೂಜೆ ಮಾಡಬೇಕು. ಒಂದು ದಿನ ಹಾಗೆ ಕುಳಿತಿದ್ದ ನೀಲಕ್ಕ ಗೋಡೆ ಬಿದ್ದ ಹಾಗೆ ಪಕ್ಕಕ್ಕೆ ಬಿದ್ದಳು. ತುಟಿ ಕಪ್ಪಿಟ್ಟಿತ್ತು. ಲಿಂಗವನ್ನು ಮಾತ್ರ ಬೆರಳುಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾವು ಎತ್ತಿ ಕೂರಿಸಿ ನೀರು ಚಿಮುಕಿಸಿದರೆ ಮತ್ತೆ ಬಿದ್ದಳು. ಗಾಬರಿಯಾಗಿ ಹಾಗೆಯೇ ಬಿಟ್ಟೆವು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಕಣ್ಣು ಬಿಟ್ಟಳು. ಆಮೇಲೆ ವಾರಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ ಇದೇ ಆಯಿತು. ಸಂಜೆಗೆ ಸಣ್ಣ ಜ್ವರ, ಗಂಟು ನೋವು, ಮೈ ಇಳಿದು ಕುಪ್ಪಸ ಜೋಲುತ್ತಿತ್ತು. ಒಂದು ಸಲ ಬಲಗಾಲಿನ ಬೆರಳು ತಣ್ಣಗಾಗಿ ನೀಲಿ ಬಣ್ಣಕ್ಕೆ ತಿರುಗಿತು.

"ಲಿಂಗಾ ಕೈಯಾಗ ತೊಗೊಂಡ್ಲು, ಬಿದ್ಲು," ಎಂದರು ಅತ್ತೆ. "ದಿನಾ ಬಗ್ಗಿ ನಟ್ಟಿ ಹಚ್ಚತಾಳ, ಏನೂ ಆಗೂದಿಲ್ಲ. ರೊಟ್ಟಿ ಬಡೀತಾಳ, ಏನೂ ಆಗೂದಿಲ್ಲ. ಪೂಜಿಗೆ ಕುಂತ್ರ ಬೀಳತಾಳ. ಅಂದ್ರ ಏನ?"

"ಏನ್ರಿ ಅತ್ತಿ?" ಎಂದೆ ನಾನು.

"ನೀ ಮುಲ್ಕಿ ಪಾಸಾದಾಕಿ. ನೀನ ಹೇಳ."

ಅತ್ತೆ ಹೇಳಿದ್ದು ಸುಳ್ಳಲ್ಲ. ಬಗ್ಗಿ ದುಡಿಯುವಾಗ ಬೀಳುತ್ತಿರಲಿಲ್ಲ, ನೆಟ್ಟಗೆ ಕುಳಿತು ಪೂಜೆ ಮಾಡುವಾಗಲೇ ಬೀಳುತ್ತಿದ್ದಳು. ಹಾಗಾದರೆ ಮೈಯಲ್ಲಿ ಸೇರಿದ್ದು ಯಾವುದೋ ಗಾಳಿ, ಅದಕ್ಕೆ ಲಿಂಗವನ್ನು ಕಂಡರೆ ಆಗದು. ಅತ್ತೆಯ ತರ್ಕ ಇಷ್ಟೇ. ಊರೆಲ್ಲ ಹೌದು ಎಂದಿತು. ನಮ್ಮ ಮನೆಗೆ ಬರುವ ಜಂಗಮ ಅಯ್ಯನವರು ಒಬ್ಬರೇ ಸಿಟ್ಟಾದರು.

"ಲಿಂಗಾ ಕಟ್ಟಿದ ಮೈಯಾಗ ದೆವ್ವಕ್ಕ ಎಲ್ಲಿ ಜಾಗಾ ಐತಿ ಯವ್ವಾ? ಮಲಕೊಂಡ ಪೂಜಿ ಮಾಡಿದ್ರ ಶಿವಾ ಬ್ಯಾಡ ಅಂತಾನೇನ? ಮೊದಲ ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ರಿ," ಎಂದರು.

ಅತ್ತೆ ಅವರ ಪಾದ ಮುಟ್ಟಿ ನಮಸ್ಕಾರ ಮಾಡಿ, ಬಾಗಿಲತನಕ ಹೋಗಿ ಕಳಿಸಿ, ತಿರುಗಿ ಬಂದು, "ಅಯ್ಯಾರಿಗೆ ವಯಸ್ಸಾತು," ಎಂದರು.

ದವಾಖಾನೆಗೆ ಹೋಗಲಿಲ್ಲ ಎಂದಲ್ಲ. ಹೋದೆವು. ಆದರೆ ದವಾಖಾನೆಯಲ್ಲಿ ಏನು ಮಾಡುತ್ತಾರೆ? ಬೆಂಚಿನ ಮೇಲೆ ಮಲಗಿಸಿ ಎದೆ ನೋಡುತ್ತಾರೆ. ಮಲಗಿದರೆ ನೀಲಕ್ಕನಿಗೆ ಏನೂ ಇಲ್ಲ! ಒಬ್ಬರು ರಕ್ತ ಕಡಿಮೆ ಎಂದರು, ಇನ್ನೊಬ್ಬರು ಜ್ವರ ನೋಡಿ ಕ್ಷಯ ಇರಬಹುದೆಂದು ಸೂಜಿ ಚುಚ್ಚಿದರು. ಬಿದ್ದಾಗ ಮಲಗುತ್ತಾಳೆ, ಮಲಗಿದಾಗ ಸುಧಾರಿಸುತ್ತಾಳೆ, ಕೂರಿಸಿದರೆ ಬೀಳುತ್ತಾಳೆ. ಇದು ನಮ್ಮೆಲ್ಲರ ಕಣ್ಣ ಮುಂದೆ ದಿನವೂ ನಡೆಯುತ್ತಿತ್ತು. ಒಬ್ಬರಿಗಾದರೂ ಹೊಳೆಯಬಾರದೇ? ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಚಿಮುಕಿಸಿದ ನೀರಿನಿಂದ ಎಚ್ಚರಾಯಿತು ಎಂದು ಭಾವ, ಹಣೆಗೆ ಹಚ್ಚಿದ ವಿಭೂತಿಯಿಂದ ಎಂದು ಅತ್ತೆ, ತಾನು ತಿಕ್ಕಿದ ಉಳ್ಳಾಗಡ್ಡಿಯಿಂದ ಎಂದು ಪಕ್ಕದ ಮನೆಯ ಕಲ್ಲವ್ವ. ಶಾಣ್ಯಾಕಿ ಎನಿಸಿಕೊಂಡ ನಾನೂ ಅವರ ನಡುವೆ ಬೀಸಣಿಗೆ ಹಿಡಿದು ನಿಂತಿದ್ದೆ.

ಅತ್ತೆಯ ಮದ್ದು ಒಂದೇ. ನೆಟ್ಟಗೆ ಕೂರಿಸುವುದು. ಮಲಗಿದರೆ ಗಾಳಿಗೆ ಇಂಬು ಸಿಗುತ್ತದೆ, ಕುಳಿತರೆ ಅದು ಸೋಲುತ್ತದೆ. ಆದ್ದರಿಂದ ಕಂಬಕ್ಕೆ ಒರಗಿಸಿ, "ನೆಟ್ಟಗ ಕುಂದ್ರ! ಬೆನ್ನ ಬಗ್ಗಸಬ್ಯಾಡ!" ಪಾಪ, ನೀಲಕ್ಕ ಬೆವತು, ಉಸಿರು ಕಟ್ಟಿ, ಹೇಳಿದ ಹಾಗೆ ಕೂರುವಳು. ಒಮ್ಮೆ ನನ್ನ ಕಿವಿಯಲ್ಲಿ ಮಾತ್ರ ಹೇಳಿದಳು, "ತಂಗೀ, ಎದಿಯಾಗ ಯಾರೋ ಬಾಗಲಾ ಮುಚ್ಚಿಧಂಗ ಆಗತೈತಿ." ನಾನು ಅದನ್ನು ಅತ್ತೆಗೆ ಹೇಳಿದೆ. "ನೋಡ, ಯಾರೋ ಅಂದ್ಲಲ್ಲ? ಅಂವನ!" ಎಂದರು.

ದಿನ ಕಳೆದಂತೆ ನೀಲಕ್ಕ ಉಳಿಯುವುದಿಲ್ಲ ಎಂದು ಎಲ್ಲರಿಗೂ ಅನ್ನಿಸತೊಡಗಿತು. ಆಗ ಅತ್ತೆ ಉಳವಿಯ ಹರಕೆ ಹೊತ್ತರು. ಉಳವಿ ಎಂದರೆ ಜೊಯಿಡಾದ ಕಾಡಿನೊಳಗೆ ಶರಣರ ಸಮಾಧಿ ಇರುವ ಜಾಗ, ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ಅಲ್ಲಿ ಸಮಾಧಿಯ ಎದುರು ನೀಲವ್ವ ನೆಟ್ಟಗೆ ಕುಳಿತು ಪೂಜೆ ಮುಗಿಸಬೇಕು. ಭಾವ ಕರೆದುಕೊಂಡು ಹೋಗುವುದು, ಹೆಣ್ಣಾಳು ಬೇಕೆಂದು ಜೊತೆಗೆ ನಾನು. ಮನೆಯಲ್ಲಿ ಎಮ್ಮೆ ಈಯುವ ಹೊತ್ತು, ಅತ್ತೆ ಬಿಟ್ಟು ಬರುವ ಹಾಗಿರಲಿಲ್ಲ. ಬರುವುದಿಲ್ಲವಾದ್ದರಿಂದ ತಮ್ಮ ಪಾಲಿನ ಹರಕೆಯನ್ನು ಬೇರೆಯಾಗಿ ಹೊತ್ತರು.

"ನೀವು ಉಳವಿಗೆ ಹೋಗೂ ದಿವಸ ಹೊತ್ತ ಹುಟ್ಟಿದಾಗಿಂದ ಹೊತ್ತ ಮುಳಗೂತನಕ ನಾ ಮೌನ. ಒಂದ ಮಾತ ಬಾಯಿಂದ ಬಿದ್ರ ಹರಕಿ ಕೆಟ್ಟಂಗ. ನೀಲವ್ವನ ಜೀವಾ ನನ್ನ ಬಾಯಾಗ ಐತಿ ಅಂತ ತಿಳಕೋರಿ."

ಕಲ್ಲವ್ವ ನನ್ನ ಪಕ್ಕಕ್ಕೆ ಸರಿದು, "ನೀಲವ್ವ ಉಳದ್ರೂ ಉಳದಾಳು, ಈ ಮುದಕಿ ಉಳಿಯೂದಿಲ್ಲ ನೋಡ," ಎಂದಳು. ನನಗೆ ನಗು ತಡೆಯಲಾಗದೆ ಒಲೆಯ ಕಡೆ ಮುಖ ತಿರುಗಿಸಿದೆ.

ಹೊರಡುವಾಗ ಅತ್ತೆ ನನಗೆ ಕೊನೆಯದಾಗಿ ಹೇಳಿದ್ದು ಇದು: "ಏ ಶಾಣ್ಯಾಕಿ, ನಿನ್ನ ಶಾಣ್ಯಾತನಾ ಅಲ್ಲಿ ತೋರಸಬ್ಯಾಡ. ನೆಟ್ಟಗ ಕುಂದರಸ್ಕೊಂಡ ಹೋಗೂದು. ಮಲಗಸಬ್ಯಾಡ. ಅಷ್ಟ."

ದಾಂಡೇಲಿಯಲ್ಲಿ ನನ್ನ ಗಂಡನ ಖೋಲಿಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಬಸ್ಸಿಗೆ ಜೊಯಿಡಾ ಮುಟ್ಟಿದೆವು. ಆಗ ಅಲ್ಲಿಂದ ಉಳವಿಗೆ ನಮಗೆ ಬಸ್ಸು ಸಿಗಲಿಲ್ಲ. ಭಾವ ಒಬ್ಬ ಮುದುಕನ ಚಕ್ಕಡಿಯನ್ನು ಗೊತ್ತು ಮಾಡಿದರು. ಮುದುಕನ ಮನೆಮಾತು ಕೊಂಕಣಿ. ನಮ್ಮ ಕನ್ನಡ ಅವನಿಗೆ ಅರ್ಧ ತಿಳಿಯುತ್ತಿತ್ತು. ಅವನ ಮಾತು ನಮಗೆ ಅಷ್ಟೂ ತಿಳಿಯುತ್ತಿರಲಿಲ್ಲ.

ಬಸ್ಸಿನಲ್ಲಿ ನೀಲಕ್ಕ ನನ್ನ ತೊಡೆಯ ಮೇಲೆ ತಲೆ ಇಟ್ಟು ಬಂದಿದ್ದಳು. ಭಾವ ಕಿಟಕಿಯ ಆಚೆ ನೋಡುತ್ತ ಕಾಣದವರ ಹಾಗಿದ್ದರು. ಚಕ್ಕಡಿಯಲ್ಲಿ ಮಾತ್ರ ಅವ್ವ ಹೇಳಿದ ಹಾಗೆ ಆಗಲೇಬೇಕು ಎಂದು, ತಮ್ಮ ಶಲ್ಯದಿಂದ ನೀಲಕ್ಕನನ್ನು ಚಕ್ಕಡಿಯ ಗೂಟಕ್ಕೆ ಬಿಗಿದು ಕಟ್ಟಿ ಕೂರಿಸಿದರು. ಕಾಲು ಮಡಚಿ, ಬೆನ್ನು ನೆಟ್ಟಗೆ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೀಗೆಯೇ ಕಾಲು ಮಡಚಿ, ವಿಭೂತಿ ಹಚ್ಚಿ, ಬಟ್ಟೆಯಿಂದ ಗೋಡೆಗೆ ಬಿಗಿದು ನೆಟ್ಟಗೆ ಕೂರಿಸುತ್ತೇವೆ. ಮಣ್ಣು ಮಾಡುವುದೂ ಕೂರಿಸಿಯೇ. ಅದನ್ನು ಭಾವನಿಗೆ ಹೇಳಬೇಕು ಅನ್ನಿಸಿತು. ಆದರೆ ಹೇಳುವುದು ಹೇಗೆ? ಅಲ್ಲಿಯತನಕ ನಾನು ಭಾವನ ಎದುರು ನಿಂತು ಒಂದು ಮಾತೂ ಆಡಿದವಳಲ್ಲ. ತಮ್ಮನ ಹೆಂಡತಿ ಭಾವನ ಮುಂದೆ ಸೆರಗು ಹೊದ್ದು ಪಕ್ಕಕ್ಕೆ ಸರಿಯಬೇಕು, ಏನಾದರೂ ಬೇಕಿದ್ದರೆ ಗೋಡೆಗೆ ಹೇಳಿದ ಹಾಗೆ ಹೇಳಬೇಕು. ಕಾಡಿನಲ್ಲಿ ಗೋಡೆಯನ್ನು ಎಲ್ಲಿಂದ ತರಲಿ?

ದಾರಿ ಕಲ್ಲುಮಯ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಒಂದು ಹಳ್ಳ ದಾಟಿ ಏರು ಹತ್ತುತ್ತಿದ್ದೆವು. ನೀಲಕ್ಕ ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ. ಕುತ್ತಿಗೆ ವಾಲಿತು, ಆದರೆ ಶಲ್ಯ ಬಿಗಿದಿದ್ದರಿಂದ ಬೀಳಲಿಲ್ಲ. ಮನೆಯಲ್ಲಿ ಪ್ರತಿ ಸಲವೂ ನೆಲಕ್ಕೆ ಬಿದ್ದದ್ದರಿಂದಲೇ ಬದುಕುತ್ತಿದ್ದಳು ಎಂದು ಈಗ ತಿಳಿದಿದೆ, ಆಗ ತಿಳಿದಿರಲಿಲ್ಲ. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಕೈ ಹಿಡಿದರೆ ನಾಡಿ ಸಿಗಲಿಲ್ಲ. ಮೂಗಿನ ಮುಂದೆ ಬೆರಳು ಹಿಡಿದೆ, ಉಸಿರಿಲ್ಲ.

ಎತ್ತುಗಳ ಪಕ್ಕ ನಡೆಯುತ್ತಿದ್ದ ಭಾವ ಚಕ್ಕಡಿ ನಿಲ್ಲಿಸಿ ಓಡಿ ಬಂದವರೇ ಅವಳ ಎರಡೂ ತೋಳು ಹಿಡಿದು ಇನ್ನಷ್ಟು ನೆಟ್ಟಗೆ ಮಾಡತೊಡಗಿದರು. "ನೀಲಾ, ಕುಂದ್ರ, ಗಟ್ಯಾಗಿ ಕುಂದ್ರ, ಸೋಲಬ್ಯಾಡ!" ಎಂದು ಅಳುತ್ತಿದ್ದರು. ಗಂಡಸು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನಾನೂ ಹಿಂದಿನಿಂದ ಅವಳ ಬೆನ್ನಿಗೆ ಕೈ ಕೊಟ್ಟು ಎತ್ತಿ ಹಿಡಿದೆ.

ಆಗ ಕೇಳಿಸಿತು.

"ಏ ಶಾಣ್ಯಾಕಿ! ಕುಂದರಸಬ್ಯಾಡ ಅಕಿನ್ನ! ಮಲಗಸ! ಬಲಮಗ್ಗಲಕ್ಕ ಹೊಳ್ಳಸ!"

ನನ್ನ ಬೆನ್ನ ಹಿಂದೆ, ಹಿತ್ತಲ ಬಾಗಿಲಲ್ಲಿ ನಿಂತು ಒದರಿದಷ್ಟೇ ಗಟ್ಟಿಯಾಗಿ. ಕನಸಿನ ಹಾಗಲ್ಲ, ಗಾಳಿಯ ಸದ್ದಿನ ಹಾಗಲ್ಲ. 'ಹೊಳ್ಳಸ' ಎನ್ನುವಾಗ ಅತ್ತೆ ಕೊನೆಗೆ ಒಂದು ಜಗ್ಗು ಕೊಡುತ್ತಿದ್ದರು, ಆ ಜಗ್ಗೂ ಇತ್ತು. ನಿಮಗೆ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹೆದರಿಕೆ ಆಗಲಿಲ್ಲ, ರೇಗಿತು. ಇಷ್ಟು ದೂರ ಕಾಡಿಗೆ ಬಂದರೂ ಈ ಹೆಂಗಸು ಬಿಡಲಿಲ್ಲವಲ್ಲ ಎಂದು. ಮನೆಯಲ್ಲಿ ಆ ದನಿಗೆ ಕೈ ತಾನಾಗಿಯೇ ಓಡುವ ಅಭ್ಯಾಸವಾಗಿತ್ತು, ಅಲ್ಲೂ ಓಡಿತು. ಶಲ್ಯದ ಗಂಟು ಬಿಚ್ಚಲು ಬಾರದೆ ಹಲ್ಲಿನಿಂದ ಕಚ್ಚಿ ಎಳೆದೆ.

"ಏನ ಮಾಡಾಕತ್ತೀ? ಅವ್ವ ಕುಂದರಸಂತ ಹೇಳ್ಯಾಳ!" ಎಂದರು ಭಾವ.

"ಅವ್ವನ ಈಗ ಮಲಗಸ ಅಂದ್ಲು! ಕೇಳಸಲಿಲ್ಲೇನ್ರಿ? ಕಾಲ ಹಿಡೀರಿ!"

ನಾನು ಭಾವನ ಜೊತೆ ಆಡಿದ ಮೊದಲ ಮಾತು ಅದೇ. ಅವರು ನನ್ನ ಮುಖ ನೋಡಿದರು. ಅವರಿಗೆ ಏನೂ ಕೇಳಿಸಿರಲಿಲ್ಲ. ಚಕ್ಕಡಿಯ ಮುದುಕನಿಗೂ ಇಲ್ಲ. ಎತ್ತುಗಳು ಕಿವಿ ನಿಮಿರಿಸಿ ಹಿಂದಕ್ಕೆ ನೋಡಿದವು. ಆದರೆ ನೊಣ ಕೂತರೂ ಎತ್ತು ಕಿವಿ ನಿಮಿರಿಸುತ್ತದೆ, ಅದನ್ನು ನಾನು ಸಾಕ್ಷಿ ಎನ್ನುವುದಿಲ್ಲ. ಭಾವ ಕಾಲು ಹಿಡಿದರು. ಹುಲ್ಲಿನ ಮೇಲೆ ಮಲಗಿಸಿ, ನಾನು ನೀಲಕ್ಕನನ್ನು ಬಲಮಗ್ಗುಲಿಗೆ ಹೊರಳಿಸಿದೆ.

ಎಷ್ಟು ಹೊತ್ತಾಯಿತೋ. ಅವಳ ಬೆನ್ನು ಒಮ್ಮೆ ಅದುರಿತು. ನೀರಿನಿಂದ ಮೇಲೆದ್ದವರ ಹಾಗೆ ಉಸಿರು ಎಳೆದುಕೊಂಡಳು. ತುಟಿಗೆ ಬಣ್ಣ ಬಂತು. ಕಣ್ಣು ಬಿಡದೆಯೇ, "ಬಾಗಲಾ ತಗೀತು," ಎಂದಳು.

ಉಳವಿಗೆ ಹೋಗಲಿಲ್ಲ. ಚಕ್ಕಡಿ ತಿರುಗಿಸಲು ನಾನೇ ಹೇಳಿದೆ, ಭಾವ ಎದುರಾಡಲಿಲ್ಲ. ನೀಲಕ್ಕ ಬಲಮಗ್ಗುಲಾಗಿ ಮಲಗಿಯೇ ಜೊಯಿಡಾಕ್ಕೆ ಬಂದಳು. ಸಂಜೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಯೇ ದಾಂಡೇಲಿಗೆ ಬಂದಳು. ಮರುದಿನ ಬೆಳಿಗ್ಗೆ ನನ್ನ ಗಂಡ ಒಬ್ಬ ಹಿರಿಯ ಡಾಕ್ಟರರ ಹತ್ತಿರ ಕರೆದೊಯ್ದರು. ಕಾಡಿನಲ್ಲಿ ಒಮ್ಮೆ ಬಾಯಿ ಬಿಟ್ಟವಳಿಗೆ ಮತ್ತೆ ಮುಚ್ಚಲು ಮನಸ್ಸಾಗಲಿಲ್ಲ. ಯಾರೂ ಕೇಳುವ ಮೊದಲೇ ನಾನು, "ಮಲಗಿಸಿ ನೋಡಬ್ಯಾಡ್ರಿ, ಕುಂದರಿಸಿ ನೋಡ್ರಿ. ಕುಂತ್ರ ಹೋಗತಾಳ, ಮಲಗಿದ್ರ ಬರತಾಳ," ಎಂದೆ. ಅವರು ಮಲಗಿಸಿ ಎದೆಗೆ ನಳಿಗೆ ಹಿಡಿದರು. ನಿಧಾನವಾಗಿ ಕೂರಿಸುತ್ತ ಹಿಡಿದರು. ಹುಬ್ಬು ಗಂಟಾಯಿತು. ಮತ್ತೆ ಮಲಗಿಸಿದರು. "ಕೂತಾಗ ಒಂದು ಸದ್ದು, ಮಲಗಿದಾಗ ಆ ಸದ್ದೇ ಇಲ್ಲ. ಒಳಗೆ ಏನೋ ಅಲ್ಲಾಡುತ್ತಿದೆ, ಇದು ಇಲ್ಲಿಯ ಕೆಲಸ ಅಲ್ಲ," ಎಂದರು. ಮೊದಲು ಹುಬ್ಬಳ್ಳಿ, ಆಮೇಲೆ ಮುಂಬಯಿ ಎಂದು ಗೊತ್ತಾಯಿತು. ಬಟ್ಟೆಬರೆ ತರಲು ನಾನೊಬ್ಬಳೇ ಅದೇ ದಿನ ಬಸ್ಸು ಹತ್ತಿ ಊರಿಗೆ ಹೊರಟೆ. ನನಗಿಂತ ಮೊದಲು ಸುದ್ದಿ ತೆಗೆದುಕೊಂಡು ಯಾರೂ ಹೋಗಿರಲಿಲ್ಲ. ಫೋನು ಗೀನು ನಮ್ಮ ಊರಿನಲ್ಲಿ ಎಲ್ಲಿಂದ ಬರಬೇಕು?

ಉಳವಿ ಮುಟ್ಟದೆ ತಿರುಗಿ ಬಂದದ್ದಕ್ಕೆ ಏನೇನು ಬೈಗುಳ ಕಾದಿದೆಯೋ ಎಂದುಕೊಂಡೇ ಅಂಗಳಕ್ಕೆ ಕಾಲಿಟ್ಟೆ. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ಬಾಯಿ ತೆರೆದರು. ದನಿ ಹೊರಡಲಿಲ್ಲ. ಬರೀ ಗಾಳಿ. ಗಂಟಲು ಪೂರ್ತಿ ಕಟ್ಟಿಹೋಗಿತ್ತು, ಮೂರು ದಿನ ಸಂತೆಯಲ್ಲಿ ಕೂಗಿದವರ ಹಾಗೆ. ಹತ್ತಿರ ಬಂದು ನನ್ನ ರಟ್ಟೆ ಹಿಡಿದು, ಕಿವಿಯ ಬಳಿ ಆ ಹರಿದ ದನಿಯಲ್ಲಿ ಕೇಳಿದರು.

"ಬಲಕ್ಕನ ಹೊಳ್ಳಸಿದಿ, ಹೌದಲ್ಲ?"

ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಏನಾಯಿತೆಂದು ಒಂದು ಮಾತೂ ಹೇಳಿರಲಿಲ್ಲ.

"ಹೂಂ ಅತ್ತಿ," ಎಂದೆ.

"ಹೂಂ," ಎಂದು ಒಳಗೆ ಹೋದರು. ನನಗೆ ಚಹಾ ತಂದುಕೊಟ್ಟರು. ಅತ್ತೆ ನನಗೆ ಚಹಾ ತಂದುಕೊಟ್ಟದ್ದು ಆ ದನಿಗಿಂತ ದೊಡ್ಡ ವಿಚಿತ್ರ ಎಂದು ನನ್ನ ಗಂಡ ಆಮೇಲೆ ಹೇಳುತ್ತಿದ್ದರು.

ಸಂಜೆ ನಾನು ಕಲ್ಲವ್ವನನ್ನು ಹಿಡಿದೆ. ನಿನ್ನೆ ಅತ್ತೆ ಯಾರ ಮೇಲೆ ಒದರಿದರು, ಗಂಟಲು ಯಾಕೆ ಹೀಗಾಯಿತು ಎಂದೆ.

"ಒದರೂದ? ನಿನ್ನಿ ಈ ಓಣ್ಯಾಗ ಕಾಗಿ ಸೈತ ಗಾಬರಿ ಆಗಿದ್ದು, ಅಷ್ಟ ಸುಮ್ಮನಿದ್ಲು ನಿಮ್ಮತ್ತಿ. ನಾ ಮುಂಜಾನಿಂದ ಇಲ್ಲೇ ಕುಂತಿದ್ನಿ, ಯಾವಾಗ ಮೌನಾ ಮುರೀತಾಳ ನೋಡೂಣು ಅಂತ. ಮುರೀಲಿಲ್ಲ ನೋಡ." ಆಮೇಲೆ ದನಿ ತಗ್ಗಿಸಿದಳು. "ನಡು ಹಗಲಾಗ ಒಂದ ಆತು. ಅಕ್ಕಿ ಹಸನ ಮಾಡಾಕಿ ಒಮ್ಮಿಂದೊಮ್ಮೆಲೆ ಮರಾ ಕೆಡವಿ ಎದ್ಲು. ಹಿತ್ತಲಕ್ಕ ಓಡಿ, ಎರಡೂ ಕೈಲೆ ಬಾಯಿ ಒತ್ತಿ ಹಿಡಕೊಂಡ ನಿಂತ್ಲು. ಮಾರಿ ಕೆಂಪಗ, ಕುತ್ತಿಗಿ ನರಾ ಉಬ್ಬಿ ಹಗ್ಗ ಆಗಿದ್ದು. ಒಳಗ ಏನೋ ಒದ್ಯಾಕತ್ತಿತ್ತು, ಹೊರಗ ಬಿಡಲಿಲ್ಲ. ಒಂದ ಚೂರ ದನಿ ಬರಲಿಲ್ಲ. ಆಮ್ಯಾಲ ಕೊಡದಾಗಿನ ನೀರ ಕುಡದು ಕುಂತ್ಲು."

ಅಂದಿನಿಂದ ಇಂದಿನವರೆಗೆ ಇದು ಹೀಗೇ ಇದೆ.

ಉಳಿದದ್ದೆಲ್ಲ ತಿಳಿಯಿತು. ಮುಂಬಯಿಯಲ್ಲಿ ನೀಲಕ್ಕನ ಎದೆ ತೆರೆದು ಒಂದು ಗಡ್ಡೆ ತೆಗೆದರು. ನಿಂಬೆಹಣ್ಣಿಗಿಂತ ದೊಡ್ಡದು, ನೆನೆದ ಸಾಬೂದಾಣಿಯ ಮುದ್ದೆಯ ಹಾಗಿತ್ತಂತೆ. ಭಾವ ಅದನ್ನು ನೋಡಿ ಬಂದ ಮೇಲೆ ಬಹಳ ದಿನ ಸಾಬೂದಾಣಿ ತಿನ್ನಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುವ ನನ್ನ ಮೊಮ್ಮಗಳು ಇದನ್ನು ಚಿತ್ರ ಬರೆದು ವಿವರಿಸಿದಳು. ಹೃದಯದ ಎಡಗಡೆಯ ಮೇಲಿನ ಕೋಣೆಯಲ್ಲಿ ತೊಟ್ಟಿನಿಂದ ತೂಗುವ ಗಡ್ಡೆ. ನೆಟ್ಟಗೆ ಕುಳಿತರೆ ಜೋತು ಬಂದು ಕೆಳಗಿನ ಕೋಣೆಯ ಬಾಗಿಲಿಗೆ ಅಡ್ಡ ಕೂರುತ್ತದೆ, ರಕ್ತ ಮುಂದೆ ಹೋಗುವುದಿಲ್ಲ, ತಲೆ ಸುತ್ತಿ ಮನುಷ್ಯ ಬೀಳುತ್ತಾನೆ. ಮಲಗಿದರೆ ಗಡ್ಡೆ ಹಿಂದಕ್ಕೆ ಸರಿದು ಬಾಗಿಲು ತೆರೆಯುತ್ತದೆ. ಜ್ವರ, ಗಂಟು ನೋವು, ಮೈ ಇಳಿಯುವುದು ಎಲ್ಲ ಅದರದ್ದೇ ಆಟ. ಅದರ ಚೂರು ಹರಿದು ರಕ್ತದಲ್ಲಿ ಹೋಗಿ ಸಿಕ್ಕಿಕೊಂಡರೆ ಬೆರಳು ನೀಲಿಯಾಗುತ್ತದೆ.

"ಆದ್ರ ಅದು ಕ್ಯಾನ್ಸರ್ ಅಲ್ಲ ಅಜ್ಜಿ. ಸಾದಾ ಗಡ್ಡಿ. ನಿರಪಾಯ ಅಂತೇವಿ," ಎಂದಳು.

"ದಿನಾ ಒಬ್ಬಾಕಿನ್ನ ನೆಲಕ್ಕ ಕೆಡವೂದು ನಿರಪಾಯೇನ? ಹಂಗಾರ ನಮ್ಮತ್ತೀನೂ ನಿರಪಾಯನ ಇದ್ಲು," ಎಂದೆ.

ಅತ್ತೆಯ ದನಿಗೂ ಅವಳ ಬಳಿ ಉತ್ತರವಿತ್ತು. ನೀಲಕ್ಕ ಮಲಗಿದರೆ ಸುಧಾರಿಸುವುದನ್ನು ನನ್ನ ಮನಸ್ಸು ಎಷ್ಟೋ ಸಲ ನೋಡಿ ಒಳಗೊಳಗೇ ತಿಳಿದಿತ್ತಂತೆ. ಜೀವ ಹೋಗುವ ಹೊತ್ತಿಗೆ ಅದು ನಾನು ಮೀರಲಾರದ ದನಿಯಲ್ಲಿ ನನಗೆ ಆಜ್ಞೆ ಮಾಡಿತಂತೆ. ಇರಬಹುದು ಎಂದೆ. ಬಲಮಗ್ಗುಲು ಎಂದು ಯಾಕೆ ಹೇಳಿತು? ಅಂಥವರಿಗೆ ಎಡಕ್ಕಿಂತ ಬಲಮಗ್ಗುಲು ಹಿತವಾಗಬಹುದು ಎಂದು ಅವಳೇ ಹೇಳಿದಳು. ಅದು ನನಗೆ ಹೇಗೆ ಗೊತ್ತು? ಅತ್ತೆಗೆ ಹೇಗೆ ಗೊತ್ತು? ನಾನು ಬಾಯಿ ಬಿಡುವ ಮೊದಲೇ ಬಲಕ್ಕನ ಎಂದು ಹೇಗೆ ಕೇಳಿದರು? ದಿನವಿಡೀ ಮಾತಾಡದ ಗಂಟಲು ಯಾಕೆ ಕಟ್ಟಿತು? "ಥಂಡಿ ಆಗಿರಬೇಕು ಅಜ್ಜಿ," ಎಂದಳು. ಇಷ್ಟು ವರ್ಷ ಓದಿಸಿದ್ದಕ್ಕೆ ಥಂಡಿ!

ಅತ್ತೆಯನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳದೆ ಬಿಟ್ಟೆನೇ? ಎಮ್ಮೆ ಹಿಂಡುವಾಗ ಕೇಳಿದೆ, ಹಪ್ಪಳ ಒಣಹಾಕುವಾಗ ಕೇಳಿದೆ. ಪ್ರತಿ ಸಲವೂ ಮುಖ ಗಂಟಿಕ್ಕಿ ಒಂದೇ ಉತ್ತರ: "ನಾ ಆವತ್ತ ಮಾತಾಡಿಲ್ಲ. ಮೌನಾ ಮುರದಿಲ್ಲ." ಬಲಕ್ಕನ ಎಂದು ಕೇಳಿದ್ದು ಯಾರು ಎಂದರೆ, "ನಿನಗ ಕಿವಿ ಮಂದ ಆಗ್ಯಾವ." ಇಷ್ಟೇ. ನೀಲಕ್ಕ ಮುಂಬಯಿಯಿಂದ ಬಂದು, ದಿನವೂ ಬೆಳಿಗ್ಗೆ ನೆಟ್ಟಗೆ ಕುಳಿತು ಪೂಜೆ ಮಾಡುವುದನ್ನು ಅತ್ತೆ ಕಂಬದ ಹಿಂದಿನಿಂದ ನೋಡುತ್ತಿದ್ದರು. ನಾನು ನೋಡಿದೆನೆಂದು ತಿಳಿದರೆ, "ಏ ಶಾಣ್ಯಾಕಿ, ಕೆಲಸಾ ಇಲ್ಲೇನ?"

ಅತ್ತೆ ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಕೊನೆಯ ಸಲ ಕೇಳಿದೆ. ಇನ್ನಾದರೂ ಹೇಳಿರಿ ಅತ್ತಿ, ನನಗೆ ನಿದ್ದೆ ಬರುವುದಿಲ್ಲ ಎಂದೆ. ಗಂಜಿಯ ಬಟ್ಟಲನ್ನು ಕೈಯಿಂದ ಸರಿಸಿದರು.

"ನೀಲವ್ವ ಇನ್ನೂ ಅದಾಳಲ್ಲ?"

"ಅದಾಳ್ರಿ. ಹಿತ್ತಲದಾಗ ಭಾಂಡೆ ತಿಕ್ಕಾಕತ್ತಾಳ."

"ಹಂಗಾರ ಸುಮ್ಮನಿರು," ಎಂದು ಗೋಡೆಯ ಕಡೆ ಹೊರಳಿದರು.

ಒಂದು ಮಾತು ಬಿದ್ದರೆ ಹರಕೆ ಕೆಟ್ಟ ಹಾಗೆ ಎಂದವರು. ಆವತ್ತು ಒದರಿದೆ ಎಂದು ಒಪ್ಪಿದರೆ ನೀಲಕ್ಕನ ಜೀವಕ್ಕೆ ಏನಾಗುತ್ತದೋ ಎಂದು ಆ ಮುದುಕಿ ಅಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದಳೇ? ಅಥವಾ ನಿಜವಾಗಿಯೂ ಹೇಳಲು ಏನೂ ಇರಲಿಲ್ಲವೇ? ಎರಡೇ ದಿನಕ್ಕೆ ತೀರಿಕೊಂಡರು.

ನೀಲಕ್ಕ ಅವರ ನಂತರವೂ ಬಹಳ ವರ್ಷ ಇದ್ದಳು, ಮೊಮ್ಮಕ್ಕಳ ಮದುವೆ ನೋಡಿದಳು. ಹೋದ ವರ್ಷ ನಿದ್ದೆಯಲ್ಲಿಯೇ ಹೋದಳು. ಬಲಮಗ್ಗುಲಾಗಿ ಮಲಗಿದ್ದಳು. ಹಣೆಗೆ ವಿಭೂತಿ ಹಚ್ಚಿ, ಕಾಲು ಮಡಚಿ, ಬಟ್ಟೆಯಿಂದ ಗೋಡೆಗೆ ಬಿಗಿದು ನೆಟ್ಟಗೆ ಕೂರಿಸಿದರು. ಅದೇ ಚಕ್ಕಡಿ, ಅದೇ ಶಲ್ಯ ಕಣ್ಣ ಮುಂದೆ ಬಂದವು. ಭಜನೆಯವರು ತಾಳ ಬಾರಿಸುತ್ತಿದ್ದರು. ನಾನು ಎದುರಿಗೆ ಕುಳಿತು ಕಿವಿಗೊಟ್ಟು ಕಾದೆ. ಈಗ ನೀಲಕ್ಕ ಇಲ್ಲ. ಇನ್ನು ಹರಕೆ ಕೆಡುವ ಮಾತಿಲ್ಲ. ಈಗಲಾದರೂ ಒದರಬಹುದು, ಏ ಶಾಣ್ಯಾಕಿ, ಕುಂದರಸಬ್ಯಾಡ ಅಕಿನ್ನ ಎಂದು. ಒದರಿದ್ದರೆ ಇಷ್ಟು ಮುದುಕಿಯಾದ ನಾನು ಎಲ್ಲರ ಎದುರು ಎದ್ದು ಆ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದೆ.

ಮಣ್ಣು ಮಾಡಲು ಎತ್ತುವವರೆಗೂ ಕಾದೆ. ಯಾರೂ ಒದರಲಿಲ್ಲ. ಮುದುಕಿ ಇನ್ನೂ ಮೌನ ಮುರಿದಿಲ್ಲ.